ರಾಯರ ಒಂದಿಂಚು

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಇರುವ ಕಾಂಪೌಂಡಿನ ಎತ್ತರ 4 ಅಡಿ 2 ಇಂಚು. ನಾನೇ ಅಳೆದದ್ದು, ಅನುಮಾನ ಬೇಡ. ಕಟ್ಟಿಸುವಾಗ ಗಾರೆ ಮೇಸ್ತ್ರಿ ಆರಡಿ ಏರಿಸೋಣ ಅಂದಿದ್ದ. ಏರಿಸಿದ್ದರೆ ರಾಯರ ಮುಖ ನನಗೆ ಕಾಣುತ್ತಿರಲಿಲ್ಲ, ಈ ಹರಟೆಯೂ ಹುಟ್ಟುತ್ತಿರಲಿಲ್ಲ. ರಾಯರ ಎತ್ತರ 5 ಅಡಿ 4 ಇಂಚು. ಇದು ನಾನು ಅಳೆದದ್ದಲ್ಲ, ಅವರೇ ಹೇಳಿಕೊಂಡದ್ದು. ಹಾಗಾಗಿ ಒಂದಿಂಚು ಕಳೆದು ಓದಿಕೊಳ್ಳಿ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಮಾತ್ರ ಮುಂಬಾಗಿಲಿನಿಂದ ಬರುತ್ತದೆ. ಮಿಕ್ಕ ವ್ಯವಹಾರವೆಲ್ಲ ಗೋಡೆ ಮೇಲಿಂದಲೇ. ಕರಿಬೇವು, ನುಗ್ಗೆಕಾಯಿ, ಹೆಪ್ಪಿಗೆ ಮಜ್ಜಿಗೆ ಆ ಕಡೆಯಿಂದ ಈ ಕಡೆ. ಏಣಿ, ಸ್ಪ್ಯಾನರು, ಸ್ಕ್ರೂಡ್ರೈವರು ಈ ಕಡೆಯಿಂದ ಆ ಕಡೆ. ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿದ್ದವನು. ಅವರ ಮನೆಯಲ್ಲಿ ಹರಿತವಾದ ವಸ್ತು ಅಂದರೆ ಈಳಿಗೆಮಣೆ ಒಂದೇ. ಹೀಗಾಗಿ ಸಾಲ ಕೊಡುವ ಕೆಲಸ ಈಗ ನನ್ನದು, ತೆಗೆದುಕೊಳ್ಳುವ ಕೆಲಸ ಅವರದು.

ಆವತ್ತು ಬೆಳಿಗ್ಗೆ ಏಳರ ಹೊತ್ತಿಗೆ ಗೋಡೆಯ ಮೇಲೆ ಮೊದಲು ಒಂದು ಕರಿ ಬದನೆಕಾಯಿ ಎದ್ದಿತು. ಆಮೇಲೆ ರಾಯರ ತಲೆ.

“ಫೋರ್‌ಮನ್ರೇ, ಕಾಫಿ ಆಯ್ತಾ?”

“ಆಯ್ತು ರಾಯರೇ. ನಿಮ್ದು?”

“ಆಯ್ತು. ಒಂದು ಆಕ್ಸಾ ಬ್ಲೇಡ್ ಬೇಕಿತ್ತು.”

“ಏನ್ ಕುಯ್ಯೋಕೆ?”

“ಇದನ್ನೇ,” ಅಂತ ಬದನೆಕಾಯಿಯನ್ನು ನನ್ನ ಮೂಗಿನ ಹತ್ತಿರ ತಂದು ಅಲ್ಲಾಡಿಸಿದರು.

ಅದು ಗಾಲ್ಫಿನವರು ಡ್ರೈವರ್ ಅನ್ನುವ ಕೋಲು. ಟೀ ಮೇಲೆ ಚೆಂಡಿಟ್ಟು ಮೊದಲ ಹೊಡೆತ ಹೊಡೆಯುವುದು ಇದರಲ್ಲಿ. ಚೀಲದಲ್ಲಿರುವ ಕೋಲುಗಳಲ್ಲೆಲ್ಲ ಇದೇ ಉದ್ದ, ಇದೇ ಹಗುರ, ತಲೆ ಮಾತ್ರ ಇದರದ್ದೇ ದಪ್ಪ. ಆ ತಲೆ 460 ಸಿಸಿ ಮೀರಬಾರದು ಅಂತ ಆಟದ ಕಾನೂನೇ ಇದೆ. ಬುಲೆಟ್ ಮೋಟರ್‌ಸೈಕಲ್ಲಿನ ಎಂಜಿನ್ನಿಗೇ 350 ಸಿಸಿ ಸಾಕಾಗಿರುವಾಗ ಒಂದು ಬದನೆಕಾಯಿಗೆ 460 ಯಾಕೆ ಅಂತ ಕೇಳಿದರೆ ರಾಯರು, “ನೀವು ಆಡಲ್ಲ, ನಿಮಗೆ ಗೊತ್ತಾಗಲ್ಲ ಬಿಡಿ,” ಅನ್ನುತ್ತಾರೆ. ನಾನು ಆಡುವುದಿಲ್ಲ, ನಿಜ. ಆದರೆ ಕೋಲು ಕೊಯ್ಯುವುದಕ್ಕೆ ಆಟ ಬರಬೇಕಾಗಿಲ್ಲ. ಸುನ್ನತಿ ಮಾಡುವ ಡಾಕ್ಟರಿಗೆ ಮಂತ್ರ ಬರಬೇಕೇನು?

ನಿವೃತ್ತಿಯಾದ ಮೇಲೆ ರಾಯರಿಗೆ ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯಿರಿ ಅಂದರು. ನಡೆಯಲು ಬೇಜಾರಾದ ರಾಯರನ್ನು ಹಳೆಯ ಸ್ನೇಹಿತರೊಬ್ಬರು ಚಾಮುಂಡಿ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋದರು. ಅಲ್ಲಿ ರೇಸ್‌ಕೋರ್ಸಿನ ಒಳಗೇ ಜಯಚಾಮರಾಜೇಂದ್ರ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ಬು. ಸುತ್ತ ಕುದುರೆ ಓಡುವ ದಾರಿ, ನಡುವೆ ಚೆಂಡು ಓಡುವ ಹುಲ್ಲು. ಒಂದೇ ಆವರಣದಲ್ಲಿ ಎರಡು ಬಗೆಯ ದುಡ್ಡು ಕಳೆಯುವ ವ್ಯವಸ್ಥೆ ಅಂತ ನಮ್ಮ ಮನೆಯಾಕೆಯ ವ್ಯಾಖ್ಯಾನ. ರಾಯರ ಮಗ ಅಮೆರಿಕದಲ್ಲಿದ್ದಾನೆ. ಅಪ್ಪ ಗಾಲ್ಫ್ ಹಿಡಿದರು ಅಂತ ಕೇಳಿ ಖುಷಿಯಾಗಿ, ಹೋದ ಸಲ ಬರುವಾಗ ಈ ಡ್ರೈವರ್ ತಂದ. 46 ಇಂಚು. ಅವನ ಎತ್ತರ ಆರಡಿ. ಅಂಗಿ ತರುವಾಗ ಅಪ್ಪನ ಅಳತೆ ಕೇಳುವ ಮಗ, ಕೋಲು ತರುವಾಗ ತನ್ನ ಅಳತೆಗೇ ತಂದುಬಿಟ್ಟ.

“ಏನಾಗಿದೆ ಅದಕ್ಕೆ? ಹೊಸದಲ್ವಾ?” ಅಂದೆ.

“ಚೆಂಡು ಬಲಕ್ಕೆ ಹೋಗುತ್ತೆ. ನೇರ ಹೊಡೆದ್ರೂ ಬಲಕ್ಕೆ. ಎಡಕ್ಕೆ ಹೊಡೆದ್ರೂ ಬಲಕ್ಕೆ. ನಿನ್ನೆ ಒಂದೇ ಬೆಳಿಗ್ಗೆ ಮೂರು ಚೆಂಡು ಕಳ್ಕೊಂಡೆ. ಕೊನೆಗೆ ಬ್ಯಾಗು ಹೊರುವ ಕ್ಯಾಡಿ ಹುಡುಗ ಅಂದ, ಸಾರ್, ನೀವು ಕೋಲು ಬೀಸ್ತಾ ಇಲ್ಲ, ಕೋಲೇ ನಿಮ್ಮನ್ನ ಬೀಸ್ತಾ ಇದೆ ಅಂತ.”

ಆ ಹುಡುಗನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನಲವತ್ತು ವರ್ಷ ಲೇತಿನ ಮುಂದೆ ನಿಂತ ನನಗೂ ಇದಕ್ಕಿಂತ ಚೊಕ್ಕಟವಾಗಿ ಹೇಳಲು ಬರುತ್ತಿರಲಿಲ್ಲ.

ಕೋಲು ಉದ್ದವಾದಷ್ಟೂ ಅದರ ತಲೆ ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗಿದರೆ ಚೆಂಡು ದೂರ ಹೋಗುತ್ತದೆ. ಕಾಗದದ ಮೇಲೆ ಇದು ಸರಿ. ಆದರೆ ಚೆಂಡು ದೂರ ಹೋಗಬೇಕಾದರೆ ಮೊದಲು ಬದನೆಕಾಯಿಯ ನಟ್ಟನಡುವೆ ತಗಲಬೇಕು. ಉದ್ದ ಹೆಚ್ಚಿದಷ್ಟೂ ನಡು ಸಿಗುವುದು ಕಷ್ಟ. ದೊಣ್ಣೆ ಉದ್ದವಿದ್ದರೆ ಮಾವಿನಕಾಯಿ ಎಟುಕುತ್ತದೆ ನಿಜ, ಆದರೆ ತೊಟ್ಟಿಗೆ ಗುರಿಯಿಟ್ಟದ್ದು ಪಕ್ಕದ ಕೊಂಬೆಗೆ ಬೀಳುತ್ತದೆ. ಆಟದ ನಿಯಮದಲ್ಲಿ ಚೆಂಡನ್ನು ಗುಳಿಗೆ ತಳ್ಳುವ ಪಟರ್ ಒಂದನ್ನು ಬಿಟ್ಟು ಯಾವ ಕೋಲೂ 48 ಇಂಚು ದಾಟುವಂತಿಲ್ಲ. 2022ರ ಜನವರಿಯಿಂದ ದೊಡ್ಡ ಪಂದ್ಯಗಳನ್ನು ನಡೆಸುವವರು ಬೇಕಾದರೆ ಅದನ್ನು 46ಕ್ಕೆ ಇಳಿಸಬಹುದು ಅಂತ ಹೊಸ ಸ್ಥಳೀಯ ನಿಯಮವೂ ಬಂದಿದೆ. ಅಂದರೆ ಜಗತ್ತಿನ ಘಟಾನುಘಟಿಗಳಿಗೆ ಎಲ್ಲಿ ಗೆರೆ ಎಳೆದಿದ್ದಾರೋ, ಅಲ್ಲಿಂದ ನಮ್ಮ ರಾಯರು ಆಟ ಶುರು ಮಾಡಿದ್ದರು.

“ಅದಿತಿ ನೆನಪಿದೆಯಾ?” ಅಂತ ಕೇಳಿದೆ.

ನೆನಪಿಲ್ಲದೆ ಏನು. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸಿನ ಗಾಲ್ಫ್ ಕೊನೆಯ ದಿನ. ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಹತ್ತಿರ ಇದ್ದಾಳೆ ಅಂತ ಗೊತ್ತಾಗಿ ಇಡೀ ಬಡಾವಣೆ ನಸುಕಿಗೇ ಟಿವಿ ಹಾಕಿಕೊಂಡು ಕೂತಿತ್ತು. ಬರ್ಡಿ ಅಂದರೇನು, ಬೋಗಿ ಅಂದರೇನು ಅಂತ ಹಾಲಿನವನಿಗೂ ಆವತ್ತು ತಿಳಿದಿತ್ತು. ಬೋಗಿ ಅಂದರೆ ರೈಲಿನದು ಅಂದುಕೊಂಡಿದ್ದ ನಮ್ಮಾಕೆ ಕೂಡ ಹತ್ತು ಗಂಟೆಯ ಹೊತ್ತಿಗೆ “ಅಯ್ಯೋ, ಪಾರ್ ಸಾಕಾಗಲ್ಲ ಕಣ್ರೀ,” ಅನ್ನುತ್ತಿದ್ದಳು. ಬ್ಯಾಗು ಹೊತ್ತು ಜೊತೆಗೆ ನಡೆದದ್ದು ಆಕೆಯ ತಾಯಿ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಆದರೆ ನಾನು ರಾಯರಿಗೆ ನೆನಪಿಸಿದ್ದು ಅದನ್ನಲ್ಲ. ದೂರ ಹೊಡೆಯುವವರ ಪಟ್ಟಿಯಲ್ಲಿ ಆ ಹುಡುಗಿ ತೀರ ಕೆಳಗಿದ್ದಳು. ಬಾಕಿಯವರ ಚೆಂಡು ಮುಂದೆ ಹೋಗಿ ಕೂತಿರುತ್ತಿತ್ತು. ಈಕೆ ಹಿಂದಿನಿಂದ ಹೊಡೆದು, ಗುಳಿಯ ಸುತ್ತಲಿನ ಹಸಿರಿನ ಮೇಲೆ ತೂಗಿ ಅಳೆದು ತಳ್ಳಿ, ಅವರಿಗೆ ಸಮ ಮಾಡುತ್ತಿದ್ದಳು.

“ಅಂದ್ರೆ ನನಗೂ ಕುಯ್ದ್ರೆ ಸರಿಹೋಗುತ್ತೆ ಅಂತೀರಿ,” ಅಂದರು ರಾಯರು.

“ನಿಮ್ಮನ್ನಲ್ಲ, ಕೋಲನ್ನ.”

ಆಮೇಲೆ ನಾನು ಒಂದು ಷರತ್ತು ಹಾಕಿದೆ. ಹಿಡಿಯ ತುದಿಯಿಂದ ಒಂದಿಂಚು ಕೆಳಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ಹದಿನೈದು ದಿನ ಅದರ ಕೆಳಗೇ ಹಿಡಿದು ಆಡಬೇಕು. ಚೆಂಡು ಸುಧಾರಿಸಿದರೆ ಮಾತ್ರ ಗರಗಸ. ದರ್ಜಿಯಾದರೆ ಬಟ್ಟೆಯನ್ನು ಒಳಗೆ ಮಡಿಚಿ ಬಿಟ್ಟಿರುತ್ತಾನೆ, ಮೈ ಬೆಳೆದರೆ ಬಿಚ್ಚಿಕೊಳ್ಳಬಹುದು. ಕೋಲಿಗೆ ಒಳಮಡಿಕೆ ಇಲ್ಲ. ಕೊಯ್ದದ್ದನ್ನು ಮತ್ತೆ ಉದ್ದ ಮಾಡಲು ಅಂಟು ಹಾಕಿ ತೂರಿಸುವ ತುಂಡುಗಳು ಸಿಗುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಬೋಳಿಸಿಕೊಂಡು ಚೌರಿ ಕಟ್ಟಿಕೊಂಡ ಹಾಗೆ. ರಾಯರಿಗೆ ಅವರ ಭಾಷೆಯಲ್ಲೇ ಹೇಳಿದೆ: ಈ ಡೆಬಿಟ್ಟಿಗೆ ರಿವರ್ಸ್ ಎಂಟ್ರಿ ಇಲ್ಲ.

ಇಷ್ಟೆಲ್ಲ ಮುಂಜಾಗ್ರತೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಗಾಲ್ಫ್ ಆಡುತ್ತಿದ್ದರು. ಒಂದು ದಿನ ಕಪ್ಪು ಕೋಲೊಂದನ್ನು ತಂದು, “ಅರ್ಧ ಇಂಚು ತೆಗೆದುಕೊಡಿ,” ಅಂದರು. ಅರ್ಧ ಇಂಚೇನು, ಇಂಚಿನ ಸಾವಿರದಲ್ಲೊಂದು ಭಾಗವನ್ನು ತೆಗೆಯುವವರು ನಾವು. ನಗುತ್ತಲೇ ತೆಗೆದುಕೊಂಡೆ. ಅದಕ್ಕೆ ಮುಂಚೆ ಅವರ ಉಕ್ಕಿನ ಕೋಲನ್ನು ಪೈಪ್ ಕಟರಿನಲ್ಲಿ ಕೊಯ್ದುಕೊಟ್ಟಿದ್ದೆ; ಪ್ಲಂಬರು ನೀರಿನ ಪೈಪಿಗೆ ಹಾಕಿ ಸುತ್ತಿಸುತ್ತಾನಲ್ಲ, ಅದೇ. ಉಕ್ಕಿಗೆ ಅದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಕೆಲಸ ಮಾಡುತ್ತದೆ. ಇದಕ್ಕೂ ಹಾಕಿದೆ. ಎರಡು ಸುತ್ತು ಬಿಗಿ ಮಾಡಿದೆ. ಚಕ್ಕುಲಿ ಮುರಿದ ಸದ್ದು ಬಂತು. ನೋಡಿದರೆ ಕೋಲಿನ ಮೈ ನಾಲ್ಕಿಂಚು ಉದ್ದಕ್ಕೆ ಸೀಳಿಕೊಂಡು ಕರಿ ನಾರುಗಳು ಹೊರಗೆ ಇಣುಕುತ್ತಿದ್ದವು. ಅಧಿಕಾರಿಗಳು ಬೈಯಲಿಲ್ಲ. ಮೂರು ದಿನ ನನ್ನ ಗುಡ್ ಮಾರ್ನಿಂಗಿಗೆ ಉತ್ತರ ಕೊಡಲಿಲ್ಲ, ಅಷ್ಟೇ. ಬೈದಿದ್ದರೇ ವಾಸಿಯಾಗಿತ್ತು.

ಆ ಕಪ್ಪು ಕೋಲು ಗ್ರಾಫೈಟಿನದು, ಗ್ರಾಫೈಟ್ ಅಂದರೆ ಲೋಹವಲ್ಲ ಅನ್ನುವುದು ಆವತ್ತು ತಲೆಗೆ ಹೋಯಿತು. ಹಳೆಯ ಕಾಲದಲ್ಲಿ ಈ ಕೋಲುಗಳೆಲ್ಲ ಹಿಕರಿ ಮರದವು, ಮಾಡುವವರು ಬಡಗಿಗಳು. ಆಟದ ಕಾನೂನು ಮಾಡುವವರಲ್ಲಿ 1924ರಲ್ಲಿ ಅಮೆರಿಕದವರೂ 1929ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನವರೂ ಉಕ್ಕಿಗೆ ಒಪ್ಪಿಗೆ ಕೊಟ್ಟರು. 1969ರಲ್ಲಿ ಷೇಕ್ಸ್‌ಪಿಯರ್ ಅನ್ನುವ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಫ್ರಾಂಕ್ ಥಾಮಸ್ ಇಂಗಾಲದ ನಾರಿನ ಕೋಲು ಮಾಡಿದ. ಹೌದು, ಕಂಪನಿಯ ಹೆಸರು ಷೇಕ್ಸ್‌ಪಿಯರ್. ಅದಕ್ಕೂ ನಾಟಕಕ್ಕೂ ಸಂಬಂಧವಿಲ್ಲ. ಮುಂದೆ ಇದೇ ಮನುಷ್ಯ ಅಮೆರಿಕದ ಗಾಲ್ಫ್ ಸಂಸ್ಥೆಯಲ್ಲಿ ಕೋಲು ಚೆಂಡುಗಳ ಕಾನೂನು ನೋಡುವ ತಾಂತ್ರಿಕ ನಿರ್ದೇಶಕನಾದ. ತಾನೇ ಬಿಟ್ಟ ಕುದುರೆಗೆ ತಾನೇ ಲಗಾಮು.

ರಾಯರದ್ದೂ ಇಂಥದ್ದೇ ಕೋಲು. ಇದನ್ನು ಹೇಗೆ ಮಾಡುತ್ತಾರೆ ಅಂತ ಗೋಡೆಯ ಮೇಲೆ ಮೊಣಕೈ ಊರಿ ರಾಯರಿಗೆ ವಿವರಿಸುತ್ತಿದ್ದೆ. ಇಂಗಾಲದ ಎಳೆಗಳ ಹಾಳೆಗೆ ರಾಳ ಸವರಿರುತ್ತಾರೆ. ಅದನ್ನು ಉಕ್ಕಿನ ಸಲಾಕೆಯ ಮೇಲೆ ಪದರ ಪದರವಾಗಿ ಸುತ್ತಿ, ಒಲೆಯಲ್ಲಿಟ್ಟು ಬೇಯಿಸಿ, ಗಟ್ಟಿಯಾದ ಮೇಲೆ ಸಲಾಕೆ ಎಳೆದುಬಿಡುತ್ತಾರೆ. ನಮ್ಮಾಕೆ ಆ ಹೊತ್ತಿಗೆ ತುಳಸಿಗೆ ನೀರು ಹಾಕಲು ಬಂದವಳು, ಕೇಳಿಸಿಕೊಂಡು, “ಪತ್ರೊಡೆ ಅನ್ನಿ,” ಅಂದಳು.

ಅವಳು ತೀರ್ಥಹಳ್ಳಿ ಕಡೆಯವಳು. ಕೆಸುವಿನೆಲೆಗೆ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಪತ್ರೊಡೆಯೇ ಸರಿ! ಮೂರು ದಶಕದಿಂದ ನಾನು ಹುಡುಕುತ್ತಿದ್ದ ಉಪಮೆ ನನ್ನ ಅಡುಗೆಮನೆಯಲ್ಲೇ ಇತ್ತು.

“ಮೊಂಡು ಚಾಕು ಹಾಕಿ ಒತ್ತಿದ್ರೆ ಪದರ ಬಿಟ್ಕೊಳ್ಳುತ್ತೆ, ನಾರು ಎದ್ದು ಬರುತ್ತೆ,” ಅಂದಳು. “ನಮ್ಮಮ್ಮ ದಾರ ಸುತ್ತಿ ಬಿಗಿಯಾಗಿ ಕಟ್ಟಿ, ದಾರದ ಪಕ್ಕದಲ್ಲೇ ಕುಯ್ತಿದ್ರು.”

ಗ್ರಾಫೈಟ್ ಕೊಯ್ಯುವ ಶಾಸ್ತ್ರವೆಲ್ಲ ಈ ಮಾತಿನಲ್ಲಿದೆ. ಒತ್ತಬಾರದು, ಉಜ್ಜಬೇಕು. ಹಲ್ಲು ಸಣ್ಣದಿರಬೇಕು, ಇಂಚಿಗೆ 32 ಹಲ್ಲಿನ ಬ್ಲೇಡಾದರೆ ಸರಿ, 18 ಹಲ್ಲಿನದು ನಾರನ್ನು ಕಿತ್ತು ಎಳೆಯುತ್ತದೆ. ಕೊಯ್ಯುವ ಕಡೆ ದಾರದ ಬದಲು ಮಾಸ್ಕಿಂಗ್ ಟೇಪನ್ನು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಟೇಪಿನ ಮೇಲೇ ಗೆರೆ ಎಳೆದು, ಗೆರೆಯ ಮೇಲೇ ಗರಗಸ ಆಡಿಸಬೇಕು.

ಹದಿನೈದು ದಿನದ ವ್ರತ ಹನ್ನೊಂದನೇ ದಿನಕ್ಕೇ ಮುಗಿಯಿತು. “ಟೇಪಿನ ಕೆಳಗೆ ಹಿಡಿದ್ರೆ ಚೆಂಡು ಹುಲ್ಲಿನ ಮೇಲೇ ಇರುತ್ತೆ. ಟೇಪ್ ಮರೆತು ಮೇಲೆ ಹಿಡಿದ್ರೆ ಕುದುರೆ ದಾರಿ,” ಅಂತ ಬಂದರು. ಅಷ್ಟರಲ್ಲಿ ಮೊಬೈಲಿನಲ್ಲಿ ಏನೋ ನೋಡಿಕೊಂಡಿದ್ದರು. ತುದಿಯ ಕಡೆ, ಅಂದರೆ ಬದನೆಕಾಯಿ ಇರುವ ಕಡೆ, ಒಂದಿಂಚು ಕೊಯ್ಯಬೇಕು ಅಂತ ಹಟ.

“ರಾಯರೇ, ಮಂಡ್ಯದ ಕಬ್ಬು ತಿಂದಿದ್ದೀರಲ್ಲ. ಬುಡಕ್ಕೂ ತುದಿಗೂ ಒಂದೇ ರುಚಿಯೇ?”

ಈ ಕೋಲಿಗೂ ಬುಡ ತುದಿ ಬೇರೆ ಬೇರೆ. ಹಿಡಿಯ ಕಡೆ ದಪ್ಪ, ಹೆಚ್ಚುಕಡಿಮೆ 15 ಮಿಲಿಮೀಟರು. ತಲೆಯ ಕಡೆ ಸಣ್ಣ, ಎಂಟೂವರೆ. ಬಾಗುವ ಗುಣ ಹೆಚ್ಚಾಗಿ ತೀರ್ಮಾನವಾಗುವುದು ಆ ಸಣ್ಣ ತುದಿಯಲ್ಲಿ. ಅಲ್ಲಿ ಕೊಯ್ದರೆ ಕೋಲು ಬಿರುಸಾಗುತ್ತದೆ. ಕುದುರೆ ಚಾಟಿ ಹೋಗಿ ಕೊಡೆಯ ಕಡ್ಡಿಯಾಗುತ್ತದೆ. ಹೊಸ ಕೋಲಿಗೆ ತಲೆ ಕೂರಿಸುವ ಮುಂಚೆ ಬಲ್ಲವರು, ಮಾಡಿದವರ ಪಟ್ಟಿ ನೋಡಿಕೊಂಡು, ಅರ್ಧ ಇಂಚೋ ಒಂದಿಂಚೋ ತುದಿ ತೆಗೆಯುವುದುಂಟು. ಅದು ಜೋರಾಗಿ ಬೀಸುವ ಹುಡುಗರಿಗೆ. ಅರವತ್ತೇಳು ವರ್ಷದ ನಮ್ಮ ರಾಯರಿಗೆ ಬಿರುಸು ಬೇಕಾಗಿದ್ದದ್ದು ಮೊಣಕಾಲಿನಲ್ಲಿ, ಕೋಲಿನಲ್ಲಲ್ಲ. ಅಲ್ಲದೆ ಈಗಿನ ಡ್ರೈವರುಗಳ ತುದಿಗೆ ಒಂದು ತೋಳು ಅಂಟಿಸಿ, ಅದನ್ನು ಸ್ಕ್ರೂನಲ್ಲಿ ತಲೆಗೆ ಬಿಗಿದಿರುತ್ತಾರೆ. ಅದನ್ನು ಬಿಡಿಸಬೇಕಾದರೆ ಬಿಸಿ ಮಾಡಿ ಅಂಟು ಕರಗಿಸಬೇಕು. ಬಿಸಿ ಹೆಚ್ಚಾದರೆ ರಾಳವೂ ಸುಟ್ಟು ಪತ್ರೊಡೆ ಬಿಚ್ಚಿಕೊಳ್ಳುತ್ತದೆ. ಬುಡದಲ್ಲಿ ಕೊಯ್ದರೆ ಈ ರಗಳೆ ಯಾವುದೂ ಇಲ್ಲ. ರಾಯರು ಸಾಲದ ಅರ್ಜಿ ತಿರಸ್ಕರಿಸಲ್ಪಟ್ಟವರ ಮುಖ ಮಾಡಿಕೊಂಡು ಒಪ್ಪಿದರು.

ಭಾನುವಾರ ಮುಹೂರ್ತ. ಬುಡ ಕೊಯ್ಯಬೇಕಾದರೆ ಮೊದಲು ರಬ್ಬರಿನ ಗ್ರಿಪ್ ಬಿಚ್ಚಬೇಕು. ಸುಲಭದ ದಾರಿ ಅಂದರೆ ಬ್ಲೇಡಿನಲ್ಲಿ ಸೀಳಿ ಸುಲಿದು ಬಿಸಾಡಿ ಹೊಸದು ಹಾಕುವುದು. ಸೀಳುವಾಗಲೂ ಕೊಕ್ಕೆ ಬ್ಲೇಡೇ ಬೇಕು, ನೇರ ಬ್ಲೇಡು ರಬ್ಬರು ದಾಟಿ ಕೋಲಿನ ಮೈಗೆ ಗೀರು ಹಾಕುತ್ತದೆ. ಆ ಗೀರಿನಲ್ಲೇ ಒಂದು ದಿನ ಮುರಿಯುತ್ತದೆ. ರಾಯರಿಗೆ ಮಗ ಕೊಟ್ಟ ಗ್ರಿಪ್ಪು ಹಾಳು ಮಾಡಲು ಇಷ್ಟವಿಲ್ಲ. ಹಾಗಾಗಿ ಸಿರಿಂಜ್ ವಿದ್ಯೆ. ಸೂಜಿಯನ್ನು ರಬ್ಬರಿಗೆ ಚುಚ್ಚಿ ಒಳಗೆ ಟರ್ಪೆಂಟೈನ್ ಬಿಟ್ಟರೆ ಕೆಳಗಿನ ಟೇಪಿನ ಗೋಂದು ಕರಗಿ ಗ್ರಿಪ್ಪು ಹಾವಿನ ಪೊರೆಯ ಹಾಗೆ ಜಾರಿ ಬರುತ್ತದೆ. ಸಿರಿಂಜ್ ತರಲು ರಾಯರನ್ನೇ ಕಳಿಸಿದೆ. ಮೆಡಿಕಲ್ ಶಾಪಿನವನು, “ಯಾರಿಗೆ ಸಾರ್ ಇಂಜೆಕ್ಷನ್ನು?” ಅಂದನಂತೆ. ಇವರು “ಡ್ರೈವರಿಗೆ,” ಅಂದರಂತೆ. “ಡ್ರೈವರನ್ನೇ ಕಳಿಸಿ ಸಾರ್, ಇಲ್ಲೇ ಚುಚ್ಚಿ ಕಳಿಸ್ತೀವಿ,” ಅಂದನಂತೆ.

ಅಳತೆಯ ವಿಷಯಕ್ಕೆ ಬಂದರೆ ನನಗೆ ಎಲ್ಲಿಲ್ಲದ ಚಪಲ. ಗಾಲ್ಫ್ ಕೋಲನ್ನು ಗೋಡೆಗೆ ಒರಗಿಸಿ ನೆಲದಿಂದ ಅಳೆಯುವಂತಿಲ್ಲ. ಆಡುವಾಗ ಹೇಗೆ ನೆಲಕ್ಕೆ ಊರುತ್ತಾರೋ ಹಾಗೆ ಓರೆಯಾಗಿಡಬೇಕು. ನಿಯಮದ ಪ್ರಕಾರ ಆ ಓರೆ 60 ಡಿಗ್ರಿ. ಬದನೆಕಾಯಿಯ ಹಿಮ್ಮಡಿ ನೆಲ ಮುಟ್ಟುವ ಕಡೆಯಿಂದ ಕೋಲಿನ ಬೆನ್ನಿಗೇ ಅಳತೆಪಟ್ಟಿ ಇಟ್ಟು ಗ್ರಿಪ್ಪಿನ ತುದಿಯವರೆಗೆ ನೋಡಬೇಕು. ಇಲ್ಲೊಂದು ಮೋಸ ಇದೆ. ಗ್ರಿಪ್ಪಿನ ನೆತ್ತಿಗೆ ರಬ್ಬರಿನ ಟೋಪಿ ಇರುತ್ತದಲ್ಲ, ಅದರ ದಪ್ಪ ಸುಮಾರು ಒಂದಿಂಚಿನ ಎಂಟನೇ ಒಂದು ಭಾಗ. ಬೋಳು ಕೋಲನ್ನು 45ಕ್ಕೆ ಕೊಯ್ದು ಟೋಪಿ ಹಾಕಿದರೆ 45 ಮೀರುತ್ತದೆ. ಮೀರಿದರೆ ಏನು ಮಹಾ ಅಂತ ರಾಯರು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಕೆಲವು ಪ್ರಶ್ನೆಗಳಿಗೆ ಮೂರು ದಿನ ಗುಡ್ ಮಾರ್ನಿಂಗ್ ನಿಲ್ಲಿಸುವುದೇ ಉತ್ತರ ಅಂತ ನಮ್ಮ ಅಧಿಕಾರಿಗಳಿಂದ ಕಲಿತಿದ್ದೇನೆ.

ಮನೆಯೊಳಗೆ ಈ ಕೆಲಸ ಕೂಡದು. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಇಂಗಾಲದ ಪುಡಿ ಕಾಡಿಗೆಯ ಹಾಗೆ ಸಾಧುವಾಗಿ ಕಾಣುತ್ತದೆ, ಆದರೆ ಅದರಲ್ಲಿ ಕಣ್ಣಿಗೆ ಕಾಣದ ನಾರಿನ ಚೂರುಗಳಿವೆ. ಚರ್ಮಕ್ಕೆ ಹತ್ತಿದರೆ ನಸುಗುನ್ನಿ ಕಾಯಿ ತಾಗಿದ ಹಾಗೆ ತುರಿಕೆ. ಉಸಿರಿನಲ್ಲಿ ಹೋದರೆ ಇನ್ನೂ ಕೆಟ್ಟದ್ದು. ಸಾಲದ್ದಕ್ಕೆ ಅದು ವಿದ್ಯುತ್ತನ್ನು ಹರಿಯಬಿಡುವ ಪುಡಿ. ಮಿಕ್ಸಿ, ಮೋಟರು, ಸ್ವಿಚ್‌ಬೋರ್ಡಿನೊಳಗೆ ಕೂತರೆ ಶಾರ್ಟ್ ಆಗಬಹುದು. ಹಿತ್ತಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೊರೊನಾ ಕಾಲದಲ್ಲಿ ಉಳಿದ ಎನ್-95 ಮುಸುಕು ಹಾಕಿಕೊಂಡು, ತುಂಬುತೋಳಿನ ಹಳೆ ಅಂಗಿಯಲ್ಲಿ ನಿಂತೆವು. ಪುಡಿ ಹಾರದಿರಲು ಕೊಯ್ಯುವ ಕಡೆ ನೀರು ತೊಟ್ಟಿಕ್ಕುತ್ತಿರಬೇಕು. ಅದಕ್ಕೆ ರಾಯರು ಒಳಗಿನಿಂದ ಪಂಚಪಾತ್ರೆ ಉದ್ಧರಣೆಯನ್ನೇ ತಂದರು. ಬೇರೆ ಏನೂ ಸಿಗಲಿಲ್ಲವಂತೆ. ನಾನು ಗರಗಸ ಎಳೆಯುವುದು, ಅವರು ಮುಸುಕಿನೊಳಗಿಂದ “ಕೇಶವಾಯ ಸ್ವಾಹಾ” ಅಂತ ಒಂದೊಂದು ಹನಿ ಬಿಡುವುದು. ದಾರಿಯಲ್ಲಿ ಹೋಗುವವರು ಏನಂದುಕೊಂಡರೋ.

ವೈಸಿಗೆ ಕೋಲನ್ನು ಹಾಗೇ ಕಚ್ಚಿಸಬಾರದು, ಒಳಗೆ ಟೊಳ್ಳು, ಅಪ್ಪಚ್ಚಿಯಾಗುತ್ತದೆ. ಹಳೆ ಸೈಕಲ್ ಟ್ಯೂಬು ಸುತ್ತಿ ಮೆಲ್ಲನೆ ಬಿಗಿದೆ. ಒಂದೇ ಕಡೆಯಿಂದ ಆಚೆಗೆ ದಾಟಿಸಿಯೂ ಕೊಯ್ಯಬಾರದು, ಕೊನೆಯ ಪದರ ಸಿಗಿದು ಬರುತ್ತದೆ. ಸ್ವಲ್ಪ ಕೊಯ್ದು, ಕೋಲನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಸ್ವಲ್ಪ. ಸುತ್ತಲೂ ಗೆರೆ ಬಿದ್ದು ನಡುವೆ ಸೇರಬೇಕು. ನಾಲ್ಕು ನಿಮಿಷ ಆಗಿರಬಹುದು. ತುಂಡು ಬಕೆಟ್ಟಿನ ನೀರಿಗೆ ಟಪ್ ಅಂತ ಬಿತ್ತು. ವಾಟರ್ ಪೇಪರ್ ನೆನೆಸಿ ಅಂಚನ್ನು ಸವರಿದೆ. ಒಂದು ನಾರೂ ಎದ್ದಿರಲಿಲ್ಲ. ಮೂವತ್ತು ವರ್ಷದ ಹಿಂದಿನ ಆ ಚಕ್ಕುಲಿ ಸದ್ದು ಆವತ್ತು ಕಿವಿಯಿಂದ ಇಳಿಯಿತು.

ರಾಯರು ತುಂಡನ್ನು ಅಂಗೈಯಲ್ಲಿಟ್ಟು, “ಇಷ್ಟೇನಾ?” ಅಂದರು. ಅದರ ತೂಕ ಒಂದೂವರೆ ಗ್ರಾಮಿನ ಆಸುಪಾಸು. ಬ್ಯಾಂಕಿನಲ್ಲಿ ಚಿನ್ನದ ಸಾಲ ಕೊಟ್ಟವರಾದ್ದರಿಂದ ಅವರ ಅಂಗೈಯೇ ತಕ್ಕಡಿ. ಈಗ ಕೋಲು ಬೀಸಿ ನೋಡಿ ಅಂದೆ. ಬೀಸಿದರು. ಮುಖ ಬಾಡಿತು.

“ತಲೆ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ. ಒಂದೂವರೆ ಗ್ರಾಮಿಗೆ ಇಷ್ಟು ವ್ಯತ್ಯಾಸವಾ?”

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡದ್ದು ಇದೇ. ಹಿಂದೆ ಹೊಲಗಳಲ್ಲಿ ಏತ ಇರುತ್ತಿತ್ತು. ಏತದ ಮರದ ಬುಡ ಒಂದಿಂಚು ಆ ಕಡೆ ಈ ಕಡೆ ಸರಿದರೆ ಇನ್ನೊಂದು ತುದಿಯ ಬಾನಿ ಹಗುರವಾದ ಹಾಗೆ, ಭಾರವಾದ ಹಾಗೆ ಅನ್ನಿಸುತ್ತಿತ್ತು. ನೀರು ಅಷ್ಟೇ, ಬಾನಿ ಅದೇ. ಡ್ರೈವರಿನ ತಲೆ 200 ಗ್ರಾಂ ಹತ್ತಿರ ಇರುತ್ತದೆ. ಅದು ಕೈಗೆ ಒಂದಿಂಚು ಹತ್ತಿರ ಬಂದರೆ ಕೈಗೆ ಭಾರ ಕಮ್ಮಿ. ಇದಕ್ಕೆ ಸ್ವಿಂಗ್‌ವೇಟ್ ಅನ್ನುತ್ತಾರೆ. ಹಿಡಿಯ ತುದಿಯಿಂದ 14 ಇಂಚಿನಲ್ಲಿ ಆನಿಕೆ ಕೊಟ್ಟು ತೂಗುತ್ತಾರೆ, ಡಿ0, ಡಿ2 ಅಂತ ಮಾರ್ಕು ಹಾಕುತ್ತಾರೆ. ಅರ್ಧ ಇಂಚು ಕೊಯ್ದರೆ ಸುಮಾರು ಮೂರು ಮಾರ್ಕು ಇಳಿಯುತ್ತದೆ, ಒಂದಿಂಚಿಗೆ ಆರು. ತಲೆಗೆ 2 ಗ್ರಾಂ ಸೇರಿಸಿದರೆ ಒಂದು ಮಾರ್ಕು ವಾಪಸು. ಲೆಕ್ಕ ರಾಯರೇ ಹಾಕಿದರು: ಒಂದೂವರೆ ಗ್ರಾಂ ತೆಗೆದ ತಪ್ಪಿಗೆ 12 ಗ್ರಾಂ ದಂಡ. “ಇದು ನಮ್ಮ ಬ್ಯಾಂಕಿನ ಚಕ್ರಬಡ್ಡಿಗಿಂತ ಅನ್ಯಾಯ,” ಅಂದರು.

ಸೀಸದ ಅಂಟುಪಟ್ಟಿ ಸಿಗುತ್ತದೆ, ಬದನೆಕಾಯಿಯ ತಳಕ್ಕೆ ಅಂಟಿಸುವುದು. ಒಟ್ಟಿಗೇ ಹನ್ನೆರಡು ಗ್ರಾಂ ಹಚ್ಚಬೇಡಿ, ನಾಲ್ಕು ನಾಲ್ಕಾಗಿ ಹಚ್ಚಿ ಬೀಸಿ ನೋಡಿ ಅಂದೆ. ಎಂಟಕ್ಕೇ ಅವರ ಮುಖಕ್ಕೆ ಕಳೆ ಬಂತು, ಅಲ್ಲಿಗೇ ನಿಲ್ಲಿಸಿದೆವು. ಸೀಸ ಮುಟ್ಟಿದ ಕೈ ತೊಳೆಯದೆ ಕೋಡುಬಳೆಗೆ ಕೈ ಹಾಕಿದ್ದಕ್ಕೆ ನಮ್ಮಾಕೆಯಿಂದ ಇಬ್ಬರಿಗೂ ಮಂಗಳಾರತಿಯಾಯಿತು.

ಗ್ರಿಪ್ಪು ವಾಪಸು ಹಾಕುವುದು ಮದುವೆ ಹುಡುಗನಿಗೆ ಬಿಗಿ ಷೆರ್ವಾನಿ ತೊಡಿಸಿದ ಹಾಗೆ. ಎರಡೂ ಕಡೆ ಅಂಟುವ ಟೇಪು ಸುತ್ತಿ, ಬುಡ ಒಂದಿಂಚು ಕೆಳಗೆ ಸರಿದು ಕೂದಲೆಳೆ ಸಣ್ಣಗಾಗಿರುವುದರಿಂದ ಒಂದು ಸುತ್ತು ಹೆಚ್ಚಿಗೆ ಸುತ್ತಿ, ಗ್ರಿಪ್ಪಿನ ಒಳಗೂ ಟೇಪಿನ ಮೇಲೂ ಧಾರಾಳವಾಗಿ ಟರ್ಪೆಂಟೈನ್ ಸುರಿದು, ಒಂದೇ ಉಸಿರಿಗೆ ತಳ್ಳಬೇಕು. ಅರ್ಧದಲ್ಲಿ ನಿಂತರೆ ಆಚೆಗೂ ಇಲ್ಲ ಈಚೆಗೂ ಇಲ್ಲ. ಸೀಮೆಎಣ್ಣೆ ಬಳಸಬೇಡಿ, ಅದರ ಜಿಡ್ಡು ಒಣಗುವುದಿಲ್ಲ. ಮಾರನೇ ದಿನದವರೆಗೆ ಮುಟ್ಟಬೇಡಿ ಅಂದಿದ್ದೆ. ರಾಯರು ಒಂದು ಗಂಟೆಗೇ ಹಿತ್ತಲಲ್ಲಿ ಬೀಸಿದರು. ಗ್ರಿಪ್ಪು ಕೈಯೊಳಗೇ ತಿರುಗಿ, ಬದನೆಕಾಯಿ ನಮ್ಮ ದಾಸವಾಳದ ಎರಡು ಕೊಂಬೆ ತೆಗೆಯಿತು. ದಾಸವಾಳ ಚಿಗುರುತ್ತದೆ. ಆ ವಿಷಯದಲ್ಲಿ ಅದು ಗ್ರಾಫೈಟಿಗಿಂತ ಮೇಲು.

ಈಗ ರಾಯರ ಚೆಂಡು ಮುಂಚಿನಷ್ಟೇ ದೂರ ಹೋಗುತ್ತದೆ, ಹತ್ತು ಹೆಜ್ಜೆ ಕಮ್ಮಿಯೂ ಇರಬಹುದು. ಆದರೆ ಸಿಗುತ್ತದೆ. ಮೂರು ಕಳೆಯುತ್ತಿದ್ದವರು ಈಗ ಒಂದು ಕಳೆಯುತ್ತಾರೆ. ಕ್ಯಾಡಿ ಹುಡುಗ, “ಈಗ ಸರಿ ಸಾರ್,” ಅಂದನಂತೆ. ಮಗನಿಗೆ ಮಾತ್ರ ಹೇಳಿಲ್ಲ. ವಿಡಿಯೊ ಕಾಲಿನಲ್ಲಿ ಕೋಲು ತೋರಿಸು ಅಂದರೆ ಬದನೆಕಾಯಿಯ ಕಡೆಯನ್ನಷ್ಟೇ ತೋರಿಸುತ್ತಾರೆ.

ಕೊಯ್ಯುವುದು ಇಷ್ಟು ಸುಲಭ ಅಂತ ಗೊತ್ತಾದ ಮೇಲೆ ರಾಯರ ಕೈ ಸುಮ್ಮನಿರಲಿಲ್ಲ. ಮರುವಾರ ತಮ್ಮ ಹಳೇ ಡ್ರೈವರೊಂದನ್ನು ಎತ್ತಿಕೊಂಡು ಬಂದು, ಏಳು ವರ್ಷದ ಮೊಮ್ಮಗಳಿಗೆ ಅರ್ಧಕ್ಕೆ ಕೊಯ್ದು ಕೊಡೋಣ ಅಂದರು. ಬೇಡ ಅಂದೆ. ದೊಡ್ಡವರ ತಲೆ ಹಾಗೇ ಉಳಿದು ಕೋಲು ಮಾತ್ರ ಮೋಟಾದರೆ ಅದು ಬಾಗುವುದೂ ಇಲ್ಲ, ಮಗು ಎತ್ತುವುದೂ ಇಲ್ಲ; ಅಜ್ಜಿಯ ಒನಕೆ ಕೊಟ್ಟ ಹಾಗೆ. ಮಕ್ಕಳಿಗೆ ತಲೆಯೇ ಹಗುರವಾಗಿರುವ ಕೋಲು ಬೇಕು. ರಾಯರು ಸೋಲಲಿಲ್ಲ. ಸ್ಪೇನಿನ ಗಾಲ್ಫ್ ಚಾಂಪಿಯನ್ ಸೆವೆ ಬಾಯೆಸ್ಟೆರೋಸ್ ತುಕ್ಕು ಹಿಡಿದ ಕಬ್ಬಿಣದ ತಲೆಗೆ ಕಡ್ಡಿ ಸಿಕ್ಕಿಸಿಕೊಂಡು ಸಮುದ್ರದ ದಂಡೆಯಲ್ಲಿ ಕಲಿಯಲಿಲ್ಲವೇ ಅಂದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬ್ಯಾಗು ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನನ್ನೇ ಗೆಲ್ಲಲಿಲ್ಲವೇ ಅಂದರು. ಗೆದ್ದರು, ನಿಜ. ಅವರ ಹೊಟ್ಟೆಯ ಹಸಿವೇ ಬೇರೆ, ನಿಮ್ಮ ಮೊಮ್ಮಗಳು ಬೆಳಿಗ್ಗೆ ದೋಸೆ ತಿನ್ನಿಸಿಕೊಳ್ಳಲು ಮೂರು ಕಾರ್ಟೂನು ನೋಡುತ್ತಾಳೆ ಅಂದೆ. ಅಲ್ಲಿಗೆ ಆ ಮಾತು ನಿಂತಿತು.

ಕೊಯ್ಯುವುದು ನಿಲ್ಲಲಿಲ್ಲ. ಕ್ಲಬ್ಬಿನಲ್ಲಿ ಈಗ ಅವರನ್ನು ಬಲ್ಲವರು ಅಂದುಕೊಂಡಿದ್ದಾರಂತೆ. ಯಾರ್ಯಾರದೋ ಕೋಲುಗಳು ಅವರ ಹಿತ್ತಲಿಗೆ ಬರುತ್ತವೆ. ಗೋಡೆಯ ಆ ಕಡೆಯಿಂದ ಗರಗಸದ ಸದ್ದೂ “ಕೇಶವಾಯ ಸ್ವಾಹಾ”ವೂ ಕೇಳಿಸುತ್ತದೆ. ನನ್ನದೇ ಗರಗಸ. ತೆಗೆದುಕೊಂಡು ಹೋಗಿ ಎರಡು ತಿಂಗಳು ಹನ್ನೊಂದು ದಿನ.

ರಾಯರು ಈ ಪತ್ರಿಕೆ ತರಿಸುತ್ತಾರೆ, ಹರಟೆಯ ಪುಟ ಮೊದಲು ಓದುತ್ತಾರೆ. ಆದ್ದರಿಂದ ಇಲ್ಲೇ ಕೇಳುತ್ತಿದ್ದೇನೆ. ರಾಯರೇ, ಬ್ಲೇಡು ನೀವೇ ಇಟ್ಟುಕೊಳ್ಳಿ, ಗ್ರಾಫೈಟ್ ಕೊಯ್ದ ಬ್ಲೇಡು ಹೇಗೂ ಮೊಂಡಾಗಿರುತ್ತದೆ. ಚೌಕಟ್ಟು ನಮ್ಮ ತಂದೆಯ ಕಾಲದ್ದು. ಅದನ್ನು ಗೋಡೆ ಮೇಲೆ ಇಟ್ಟುಬಿಡಿ.